ಸಿಲಬಸ್ ಬದಲಿಸಲು ಯಾಕಿಷ್ಟು ಮೀಟಿಂಗ್?

ಡಿಗ್ರಿಯಲ್ಲಿ ಒಂದು ವಿಷಯ ತೆಗೆದು ಇನ್ನೊಂದು ಸೇರಿಸಲು ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಮೊದಲು ವಿಭಾಗದ ಸಭೆ, ಆಮೇಲೆ ಆ ವಿಷಯದ ಅಧ್ಯಯನ ಮಂಡಳಿ, ಹಲವು ವಿಭಾಗಗಳು ಸೇರಿದ ಫ್ಯಾಕಲ್ಟಿ, ಕೊನೆಗೆ ಇಡೀ ವಿಶ್ವವಿದ್ಯಾಲಯದ ಅಕಾಡೆಮಿಕ್ ಕೌನ್ಸಿಲ್. ಒಂದೊಂದು ಕಡೆ ಒಂದೊಂದು ಹೆಸರು, ಮೆಟ್ಟಿಲುಗಳು ಮಾತ್ರ ಹೆಚ್ಚುಕಡಿಮೆ ಇವೇ. ಹೊರಗಿನವರಿಗೆ ಇದು ಸುಮ್ನೆ ಕಾಲಹರಣ ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ವಿದ್ಯಾರ್ಥಿ ಏನು ಓದಬೇಕು ಅಂತ ಹೇಳುವವರು ಯಾರು? ಈ ಜಗಳ 800 ವರ್ಷದಿಂದ ನಡೆದಿದೆ. ಮೆಟ್ಟಿಲುಗಳು ಹುಟ್ಟಿದ್ದು ಅದರಿಂದಲೇ.

1215ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ನಿಯಮ ಬರೆದುಕೊಟ್ಟವನು ಪೋಪರ ಪ್ರತಿನಿಧಿ. ಅರಿಸ್ಟಾಟಲನ ತರ್ಕವನ್ನು ಪಾಠ ಮಾಡಬಹುದು, ಪ್ರಕೃತಿಯ ಬಗ್ಗೆ ಅವನು ಬರೆದ ಪುಸ್ತಕಗಳನ್ನು ಮುಟ್ಟುವಂತಿಲ್ಲ ಅಂತ ಅದರಲ್ಲಿತ್ತು. 40 ವರ್ಷ ಕಳೆಯಿತು. 1255ರಲ್ಲಿ ಅಲ್ಲಿನ ಕಲಾ ವಿಭಾಗದ ಮೇಷ್ಟ್ರುಗಳೇ ಸೇರಿ ಅವೇ ಪುಸ್ತಕಗಳನ್ನು ಪಾಠದ ಪಟ್ಟಿಗೆ ಹಾಕಿದರು. ಯಾವುದನ್ನು ಎಷ್ಟು ಸಮಯದಲ್ಲಿ ಮುಗಿಸಬೇಕು ಅಂತಲೂ ಬರೆದಿಟ್ಟರು. ಪಾಠ ಹೇಳುವವರೇ ಪಾಠವನ್ನು ಗೊತ್ತುಮಾಡಿದ್ದು ದೊಡ್ಡ ವಿಷಯ ಅಲ್ವಾ?

ಆದರೆ ಆ ಹಕ್ಕು ಎಲ್ಲ ಕಡೆ ಅವರ ಕೈಯಲ್ಲಿ ಇರಲಿಲ್ಲ. ಕೇಂಬ್ರಿಡ್ಜ್‌ನಲ್ಲಿ 20ನೇ ಶತಮಾನ ಶುರುವಾದಾಗಲೂ ಗ್ರೀಕ್ ಪರೀಕ್ಷೆ ಕಡ್ಡಾಯವಾಗಿತ್ತು. ಗಣಿತ, ವಿಜ್ಞಾನ ಓದುವವರಿಗೂ ಬಿಡುಗಡೆ ಇರಲಿಲ್ಲ. ಇದನ್ನು ತೆಗೆಯೋಣ ಅಂತ 1905ರ ಹೊತ್ತಿಗೆ ಮತಕ್ಕೆ ಹಾಕಿದರು. ಓಟು ಬರೀ ಮೇಷ್ಟ್ರುಗಳದ್ದಾಗಿರಲಿಲ್ಲ. ಯಾವತ್ತೋ ಎಂಎ ಪಡೆದು ಹೋದವರಿಗೂ ಇತ್ತು, ಅವರಲ್ಲಿ ಹಳ್ಳಿ ಚರ್ಚುಗಳ ಪಾದ್ರಿಗಳೂ ಬಹಳ ಇದ್ದರು. ಅವರಲ್ಲಿ ಎಷ್ಟೋ ಜನ ಊರುಗಳಿಂದ ಬಂದು ಓಟು ಹಾಕಿದರು. ಗ್ರೀಕ್ ಉಳಿಯಿತು. ಅದು ಹೋಗಿದ್ದು 1919ರಲ್ಲಿ, ಒಂದು ಮಹಾಯುದ್ಧ ಮುಗಿದ ಮೇಲೆ. 1926ರ ಹೊಸ ನಿಯಮಗಳಲ್ಲಿ ಆ ಅಧಿಕಾರ ರೀಜೆಂಟ್ ಹೌಸ್‌ಗೆ ಬಂತು, ಅಂದರೆ ಅಲ್ಲೇ ಇದ್ದು ಕೆಲಸ ಮಾಡುವವರ ಕೈಗೆ. ತರಗತಿಗೇ ಕಾಲಿಡದವರು ತರಗತಿಯ ಬಗ್ಗೆ ತೀರ್ಮಾನ ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಅಮೆರಿಕದಲ್ಲಿ ದಾರಿಯೇ ಬೇರೆ. 1869ರಿಂದ 1909ರವರೆಗೆ ಹಾರ್ವರ್ಡ್ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಕಡ್ಡಾಯ ವಿಷಯಗಳನ್ನು ಒಂದೊಂದಾಗಿ ಕೈಬಿಟ್ಟು ಆಯ್ಕೆಯನ್ನು ವಿದ್ಯಾರ್ಥಿಗೆ ಕೊಟ್ಟರು. ಒಬ್ಬೊಬ್ಬರದ್ದು ಒಂದೊಂದು ಓದು ಅಂದಮೇಲೆ ಲೆಕ್ಕ ಇಡಲೇಬೇಕಲ್ಲ. ಕ್ರೆಡಿಟ್ ಲೆಕ್ಕ, ಅಂದರೆ ಒಂದೊಂದು ವಿಷಯದ ಓದಿಗೆ ಇಷ್ಟು ಅಂತ ಅಂಕೆ ಕೊಟ್ಟು ಕೂಡಿಸುವುದು, ಬೆಳೆದಿದ್ದು ಹೀಗೆ. 1999ರಲ್ಲಿ ಯುರೋಪಿನ 29 ದೇಶಗಳು ತಮ್ಮ ಪದವಿಗಳನ್ನು ಒಂದಕ್ಕೊಂದು ಹೊಂದಿಸುವ ಘೋಷಣೆಗೆ ಇಟಲಿಯ ಬೊಲೊನ್ಯಾದಲ್ಲಿ ಸಹಿ ಹಾಕಿದ ಮೇಲೆ ಅಲ್ಲೂ ಕ್ರೆಡಿಟ್ಟೇ ಅಳತೆಯಾಯಿತು, ಪೂರ್ತಿ ಒಂದು ವರ್ಷದ ಓದಿಗೆ 60. ಇನ್ನು ವಿದ್ಯಾರ್ಥಿಗಳು. 1968ರ ಚಳವಳಿಗಳ ನಂತರ ಎಷ್ಟೋ ಕಡೆ ಈ ಸಮಿತಿಗಳಲ್ಲಿ ಅವರಿಗೂ ಕುರ್ಚಿ ಸಿಕ್ಕಿತು. ತಡವಾಯಿತು ಅಂತಲೇ ನನ್ನ ಅನಿಸಿಕೆ.

ಈಗ ಸಭೆಯ ಮೇಜಿನ ಮೇಲೆ ಏನಿರುತ್ತದೆ ನೋಡೋಣ. ಎಡಕ್ಕೆ ಹಳೇ ಸಿಲಬಸ್, ಬಲಕ್ಕೆ ಹೊಸದು, ಪಕ್ಕದಲ್ಲಿ ಕಾರಣ. ಅರ್ಥಶಾಸ್ತ್ರದವರು ಎರಡನೇ ಸೆಮಿಸ್ಟರಿನ ಸಂಖ್ಯಾಶಾಸ್ತ್ರ ಬೇಡ ಅಂದರು ಅಂತಿಟ್ಟುಕೊಳ್ಳಿ. ಕಾಗದದ ಮೇಲೆ ಅಳಿಸುವುದು ಒಂದೇ ಸಾಲು. ಆದರೆ ಅವರದ್ದೇ ಮೂರನೇ ವರ್ಷದ ಒಂದು ಪತ್ರಿಕೆ ಅದರ ಮೇಲೇ ನಿಂತಿರುತ್ತದೆ. ಮನಃಶಾಸ್ತ್ರದ ಮಕ್ಕಳೂ ಅದೇ ಕ್ಲಾಸಿಗೆ ಬರುತ್ತಿರುತ್ತಾರೆ, ಇದು ವಿಭಾಗದ ಸಭೆಯಲ್ಲಿ ಯಾರಿಗೂ ನೆನಪಾಗಿರುವುದಿಲ್ಲ. ಮೇಲಿನ ಸಮಿತಿಯಲ್ಲಿ ಮನಃಶಾಸ್ತ್ರದವರು ಕೂತಿದ್ದರೆ ಮಾತ್ರ ಆ ಪ್ರಶ್ನೆ ಏಳುತ್ತದೆ. ಒಟ್ಟು ಕ್ರೆಡಿಟ್‌ನಲ್ಲಿ ನಾಲ್ಕು ಕಮ್ಮಿ ಬಿತ್ತಲ್ಲ, ಅದನ್ನು ತುಂಬುವುದು ಹೇಗೆ? ಹೊಸ ವಿಷಯಕ್ಕೆ ಮೇಷ್ಟ್ರು ಇದ್ದಾರಾ?

ಕೊನೆಯ ಪ್ರಶ್ನೆ ಫೇಲಾದವರದ್ದು. ಹೊಸ ಸಿಲಬಸ್ ಬಂದ ವರ್ಷವೂ ಆ ಹಳೇ ವಿಷಯ ಬಾಕಿ ಉಳಿಸಿಕೊಂಡವರು ಇದ್ದೇ ಇರುತ್ತಾರೆ. ಅವರಿಗೆ ಕ್ಲಾಸು ಇಲ್ಲ, ಪಾಠ ಹೇಳಿದವರು ಬೇರೆ ವಿಷಯಕ್ಕೆ ಹೋಗಿದ್ದಾರೆ. ಹಳೇ ಪ್ರಶ್ನೆಪತ್ರಿಕೆಯನ್ನು ಇನ್ನೆಷ್ಟು ಸಲ ತೆಗೆಯಬೇಕು, ಯಾರು ತೆಗೆಯಬೇಕು ಅಂತ ಅದೇ ಸಭೆಯ ನಡಾವಳಿಯಲ್ಲಿ ಬರೆದಿರಬೇಕು. ಬರೆದಿಲ್ಲದಿದ್ದರೆ ಆ ಹುಡುಗ ಆಫೀಸಿನ ಕಿಟಕಿ ಮುಂದೆ ನಿಂತು ಕೇಳಬೇಕಾಗುತ್ತದೆ.