ಆಕ್ಟೋಪಮೈನ್: ಕೀಟದ ಮೈಯಲ್ಲಿ ಉಕ್ಕುವುದು ಅಡ್ರಿನಲಿನ್ ಅಲ್ಲ

‘ಬೆದರಿದ ಜಿರಳೆಯಲ್ಲಿ ಅಡ್ರಿನಲಿನ್ ಉಕ್ಕುತ್ತದೆ’ ಎಂಬಂಥ ವಾಕ್ಯಗಳು ವಿಜ್ಞಾನ ಬರಹಗಳಲ್ಲಿ ಪದೇ ಪದೇ ಕಾಣುತ್ತಿವೆ. ಇನ್ನಾದರೂ ಇದು ನಿಲ್ಲಬೇಕು. ಅಡ್ರಿನಲಿನ್ ಎಂಬ ಹೆಸರು ಬಂದದ್ದೇ ಮೂತ್ರಪಿಂಡದ ನೆತ್ತಿಯಲ್ಲಿ ಕೂತ ಗ್ರಂಥಿಯಿಂದ: ಲ್ಯಾಟಿನ್ನಿನಲ್ಲಿ ‘ಆಡ್’ ಎಂದರೆ ಬಳಿ, ‘ರೆನ್’ ಎಂದರೆ ಮೂತ್ರಪಿಂಡ. ಕೀಟಕ್ಕೆ ಮೂತ್ರಪಿಂಡವೂ ಇಲ್ಲ, ಆ ಗ್ರಂಥಿಯೂ ಇಲ್ಲ. ಗಾಬರಿ, ಒತ್ತಡದಲ್ಲಿ ಮೈಯನ್ನು ಸಜ್ಜುಗೊಳಿಸಲು ನಮ್ಮಲ್ಲಿ ಅಡ್ರಿನಲಿನ್ ಮತ್ತು ಅದರ ಬಳಗದ ನಾರ್ ಅಡ್ರಿನಲಿನ್ ಮಾಡುವ ಕೆಲಸವನ್ನು ಅಲ್ಲಿ ಮುಖ್ಯವಾಗಿ ಆಕ್ಟೋಪಮೈನ್ ಮಾಡುತ್ತದೆ.

ಈ ಹೆಸರಿನ ಬಗ್ಗೆಯೂ ಗೊಂದಲವಿದೆ. ಅಣುವಿನಲ್ಲಿ ಎಂಟು ಇಂಗಾಲಗಳಿರುವುದರಿಂದ ‘ಆಕ್ಟೋ’ ಎಂದು ಕೆಲವರು ಬರೆಯುತ್ತಾರೆ. ಎಂಟು ಇಂಗಾಲ ಇರುವುದು ನಿಜ, ಆದರೆ ಅದು ಕಾಕತಾಳೀಯ. ಇಟಲಿಯ ವಿಜ್ಞಾನಿ ವಿತ್ತೋರಿಯೊ ಎರ್ಸ್ಪಾಮರ್ 1940ರ ದಶಕದ ಕೊನೆಯಲ್ಲಿ ಇದನ್ನು ಮೊದಲು ಕಂಡದ್ದು ಆಕ್ಟೋಪಸ್‌ನ ಜೊಲ್ಲುಗ್ರಂಥಿಯಲ್ಲಿ, ಅದಕ್ಕೇ ಆ ಹೆಸರು. ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಟೈರಮೈನ್, ಟೈರಮೈನ್‌ನಿಂದ ಆಕ್ಟೋಪಮೈನ್ ತಯಾರಾಗುತ್ತದೆ. ನಾರ್ ಅಡ್ರಿನಲಿನ್‌ಗೂ ಇದಕ್ಕೂ ವ್ಯತ್ಯಾಸ ಒಂದೇ ಒಂದು ಆಮ್ಲಜನಕ ಪರಮಾಣು.

ಮಿಡತೆ ಹಾರತೊಡಗಿದ ಮೊದಲ ಹತ್ತು ನಿಮಿಷ ಅದರ ರಕ್ತದ್ರವದಲ್ಲಿ ಆಕ್ಟೋಪಮೈನ್ ಏರುತ್ತದೆ, ಕೊಬ್ಬಿನ ಅಂಗದಿಂದ ಇಂಧನ ಬಿಡಿಸಲು ನೆರವಾಗಿ ಮತ್ತೆ ಇಳಿಯುತ್ತದೆ. ಕಾಳಗದಲ್ಲಿ ಸೋತ ಚಿಮ್ಮಂಡೆ ಗಂಟೆಗಟ್ಟಲೆ ಮತ್ತೊಂದರ ಎದುರು ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ಹಾರಿಸಿ ಬಿಟ್ಟರೆ ಬೇಗನೆ ಕಾಳಗಕ್ಕೆ ಇಳಿಯುತ್ತದೆ. ಆಕ್ಟೋಪಮೈನ್ ಗ್ರಾಹಕಗಳನ್ನು (ಜೀವಕೋಶದಲ್ಲಿ ಅದರ ಸಂಕೇತ ಹಿಡಿಯುವ ಅಣುಗಳನ್ನು) ಮೊದಲೇ ತಡೆದಿದ್ದರೆ ಹಾರಾಟದ ಈ ಪರಿಣಾಮ ಕಾಣುವುದಿಲ್ಲ.

ಹಾಗೆಂದು ಇದಕ್ಕೆ ‘ಒತ್ತಡದ ಹಾರ್ಮೋನು’ ಎಂದು ಚೀಟಿ ಅಂಟಿಸುವುದೂ ಸರಿಯಲ್ಲ. ಮಿಂಚುಹುಳ ಸಂಗಾತಿಗೆ ಮಿನುಗಲು ಅದರ ಬೆಳಕಿನ ಅಂಗಕ್ಕೆ ನರಗಳು ಕಳಿಸುವ ಸಂಕೇತವೂ ಇದೇ. ಜೇನ್ನೊಣದ ಮಿದುಳಿನಲ್ಲಿ ‘ಇಲ್ಲಿ ಸಿಹಿ ಸಿಕ್ಕಿತು’ ಎಂಬ ಸುದ್ದಿ ಒಯ್ಯುವುದೂ ಇದೇ.

ಆಕ್ಟೋಪಮೈನ್ ಅಳೆಯುವವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಚಿಮಟದಲ್ಲಿ ಹಿಡಿದ ಕೂಡಲೇ ಕೀಟಕ್ಕೆ ಒತ್ತಡವಾಗುತ್ತದೆ, ಮಟ್ಟ ಬದಲಾಗುತ್ತದೆ. ಆಗ ಸಿಗುವುದು ಹಿಡಿತಕ್ಕೆ ಬಂದ ಪ್ರತಿಕ್ರಿಯೆಯ ಲೆಕ್ಕ. ಮಿದುಳಿನ ಮಟ್ಟ ಬೇಕಿದ್ದರೆ ಕೀಟವನ್ನು ಇದ್ದಲ್ಲೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಬೇಕು, ಬಿಡಿಸಿ ತೆಗೆಯುವಾಗಲೂ ಕರಗಲು ಬಿಡಬಾರದು. ಹಿಡಿದು ಅಲುಗಾಡಿಸದ ಹೋಲಿಕೆ ಗುಂಪು ಇಲ್ಲದ ಅಂಕಿಗಳನ್ನು ನಂಬಲಾಗದು.

ಹೈನುಗಾರರಿಗೆ ಈ ರಸಾಯನದ ಪರಿಚಯ ಬೇರೆ ದಾರಿಯಲ್ಲಿ ಆಗಿರುತ್ತದೆ. ದನದ ರಕ್ತ ಹೀರುವ ಉಣ್ಣಿಗೆ ಬಳಸುವ ಅಮಿಟ್ರಾಜ್ ಎಂಬ ಔಷಧ ಆಕ್ಟೋಪಮೈನ್ ಗ್ರಾಹಕಗಳನ್ನೇ ಕೆರಳಿಸುತ್ತದೆ. ಉಣ್ಣಿ ಜೇಡದ ಬಳಗದ್ದು, ಕೀಟವಲ್ಲ. ಆದರೂ ಈ ವ್ಯವಸ್ಥೆ ಅದರಲ್ಲೂ ಇದೆ. ಹಾಗಾಗಿ ಅದು ತಳಮಳಗೊಂಡು ಕಚ್ಚು ಬಿಟ್ಟು ಉದುರುತ್ತದೆ. 12.5 ಶೇಕಡಾ ದ್ರಾವಣವನ್ನು ಲೀಟರ್ ನೀರಿಗೆ 2 ಮಿಲಿ ಬೆರೆಸಿದರೆ 250 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 250 ಭಾಗ. ನಮ್ಮಲ್ಲಿ ಆ ಗ್ರಾಹಕಗಳಿಲ್ಲ ಎಂದು ಬರಿಗೈಯಲ್ಲಿ ಬೆರೆಸುವುದು ಅಪಾಯ: ಅಡ್ರಿನಲಿನ್, ನಾರ್ ಅಡ್ರಿನಲಿನ್ ಹಿಡಿಯುವ ನಮ್ಮ ಆಲ್ಫಾ-2 ಅಡ್ರಿನರ್ಜಿಕ್ ಗ್ರಾಹಕಗಳಿಗೂ ಅಮಿಟ್ರಾಜ್ ಕೂರುತ್ತದೆ. ನಾಡಿ ನಿಧಾನವಾಗುತ್ತದೆ, ಮಂಪರು ಕವಿಯುತ್ತದೆ, ರಕ್ತದ ಸಕ್ಕರೆ ಏರುತ್ತದೆ. ಇದಕ್ಕೆಂದೇ ಪ್ರತಿವಿಷವಿಲ್ಲ, ಆಸ್ಪತ್ರೆಗೆ ಹೋಗುವಾಗ ಬಾಟಲಿಯನ್ನೂ ಒಯ್ಯಬೇಕು. ಕುದುರೆಗೆ ಮಾತ್ರ ಇದನ್ನು ಹಚ್ಚಲೇಬಾರದು. ಕರುಳಿನ ಚಲನೆ ನಿಂತು ಜೀವಕ್ಕೆ ಕುತ್ತಾಗುತ್ತದೆ.