ಕೊಂಡುಕುರಿಯ ಕಾಡಿಗೂ ಬೇಕು ಅಧ್ಯಯನ ಕೇಂದ್ರ

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡನ್ನು ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಹುಲ್ಲೆಯ ವನ್ಯಧಾಮವೆಂದು ಘೋಷಿಸಿದ್ದು 2011ರಲ್ಲಿ. ವಿಸ್ತಾರ ಸುಮಾರು 77 ಚದರ ಕಿ.ಮೀ. ಕಾಡಿಗೆ ಕಾನೂನಿನ ಬಲವೇನೋ ಬಂತು. ಆದರೆ ಅಲ್ಲಿಯೇ ನೆಲೆ ನಿಂತು ವರ್ಷಗಟ್ಟಲೆ ಕಾಡನ್ನು ಗಮನಿಸುವ, ಸುತ್ತಲ ಊರುಗಳ ಮಕ್ಕಳಿಗೆ ಅದನ್ನು ತೋರಿಸಿ ಕಲಿಸುವ ಅಧ್ಯಯನ ಕೇಂದ್ರದ ಮಾತು ಹಿಂದೆಯೇ ಉಳಿಯಿತು.

ಅಂಥ ನೆಲೆಗಳು ನಮ್ಮ ಕಡೆ ಹುಟ್ಟಿದ್ದೆಲ್ಲ ದಟ್ಟ ಕಾಡುಗಳಲ್ಲಿ. ಬಂಡೀಪುರಕ್ಕೆ ತಾಗಿಕೊಂಡ ಮುದುಮಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಕಾಡು ಗುರುತಿಸಿ, ಒಂದು ಸೆಂ.ಮೀ. ದಪ್ಪದ ಗಿಡವನ್ನೂ ಬಿಡದೆ ಲೆಕ್ಕ ಹಿಡಿದರು. ನಾಗರಹೊಳೆಯಲ್ಲಿ ಹುಲಿ ತಜ್ಞ ಉಲ್ಲಾಸ ಕಾರಂತರು 1990ರ ಹೊತ್ತಿಗೆ ಹುಲಿಗೆ ಅದರ ಓಡಾಟ ತಿಳಿಸುವ ರೇಡಿಯೊ ಕಾಲರ್ ತೊಡಿಸಿದರು. ಆಗುಂಬೆಯಲ್ಲಿ ಹಾವು ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. ಕಾಳಿಂಗ ಸರ್ಪ ಎಲ್ಲಿ ತಿರುಗುತ್ತದೆ, ಏನು ತಿನ್ನುತ್ತದೆ ಎಂಬುದು ತಿಳಿದದ್ದು ಅಲ್ಲಿ ಬೀಡುಬಿಟ್ಟವರಿಂದ.

ಬಯಲುಸೀಮೆಯ ಪಾಲಿಗೆ ಬಂದದ್ದು 'ಪಾಳುಭೂಮಿ' ಎಂಬ ಹಣೆಪಟ್ಟಿ. ಕಂದಾಯ ಹುಟ್ಟದ ನೆಲವನ್ನು ಬ್ರಿಟಿಷರ ಕಾಲದಲ್ಲಿ ಹಾಗೆ ಬರೆದಿಟ್ಟರು. ಸ್ವಾತಂತ್ರ್ಯ ಬಂದರೂ ಕುರುಚಲು ಕಾಡು, ಹುಲ್ಲುಗಾವಲು ಆ ಪಟ್ಟಿಯಿಂದ ಆಚೆ ಬರಲಿಲ್ಲ. ಇದರ ಫಲ ನೋಡಬೇಕೆಂದರೆ ದಾವಣಗೆರೆಯಿಂದ ದೂರವೇನಿಲ್ಲದ ರಾಣೆಬೆನ್ನೂರಿಗೆ ಹೋಗಬೇಕು. 1974ರಲ್ಲಿ ಕೃಷ್ಣಮೃಗಕ್ಕೆಂದು ಘೋಷಿಸಿದ ಅಭಯಾರಣ್ಯದ ಬಹುಪಾಲು ನೆಲದಲ್ಲಿ ನೀಲಗಿರಿ ನೆಡುತೋಪು ಎದ್ದಿತು. ಬಯಲಲ್ಲಿ ಓಡಿ ಬದುಕುವ ಪ್ರಾಣಿಗೆ ತೋಪು ಕಟ್ಟಿಕೊಟ್ಟದ್ದು ನನಗೆ ಇಂದಿಗೂ ಸಂಕಟದ ಸಂಗತಿ. ಹುಲ್ಲನ್ನು ಬಲ್ಲವರ ಮಾತಿಗೆ ಆಗ ಬೆಲೆ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ.

ಚಳ್ಳಕೆರೆಯ ಕಥೆ ಇನ್ನೊಂದು ಬಗೆಯದು. ಕುದಾಪುರದ ಅಮೃತಮಹಲ್ ಕಾವಲಿನಲ್ಲಿ, ಅಂದರೆ ಅಮೃತಮಹಲ್ ತಳಿಯ ದನಗಳಿಗೆಂದು ಬಿಟ್ಟ ಹುಲ್ಲುಗಾವಲಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಗೇ 1,500 ಎಕರೆ ಸಿಕ್ಕಿತು. ಬೇರೆ ಸಂಸ್ಥೆಗಳಿಗೂ ಸಾವಿರಾರು ಎಕರೆ ಹೋಯಿತು. ಮೇವಿನ ನೆಲ ಕಳೆದುಕೊಂಡವರು ಎದ್ದು ನಿಂತರು, ವಿವಾದ ರಾಷ್ಟ್ರೀಯ ಹಸಿರು ನ್ಯಾಯಪೀಠದವರೆಗೂ ಹೋಯಿತು. ದನ ಸಾಕುವ ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳಿಗೆ ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆಂಬುದು ಬಾಯಿಪಾಠ. ಬಯಲುಸೀಮೆಯ ಯಾವ ಕೇಂದ್ರವೇ ಆಗಲಿ, ಇವರನ್ನು ಗುರುಗಳ ಜಾಗದಲ್ಲಿ ಕೂರಿಸಬೇಕು.

ಇನ್ನು ಕೊಂಡುಕುರಿ. ಗಂಡಿಗೆ ನಾಲ್ಕು ಕೊಂಬು. ಮುಂದಿನ ಜೋಡಿ ಮೋಟು, ಹಿಂದಿನದು ಉದ್ದ. ಹೆಣ್ಣಿಗೆ ಕೊಂಬೇ ಇಲ್ಲ. ಭಾರತ, ನೇಪಾಳ ಬಿಟ್ಟರೆ ಕಾಡಿನಲ್ಲಿ ಇದು ಬೇರೆಲ್ಲೂ ಇಲ್ಲ. ಹಿಂಡು ಕಟ್ಟದೆ ಒಂಟಿಯಾಗಿಯೋ ಜೋಡಿಯಾಗಿಯೋ ತಿರುಗುವ ನಾಚಿಕೆಯ ಜೀವ, ಸದ್ದಾದರೆ ಪೊದೆಯೊಳಗೆ ಮಾಯ. ಆದರೆ ಹಿಕ್ಕೆ ಹಾಕಲು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಹಳೆಯ ಒಣ ಹಿಕ್ಕೆ ಬೆಳ್ಳಗೆ ಪುಡಿಯಾಗಿರುತ್ತದೆ, ಮೇಲೆ ಹೊಸದು ಕಪ್ಪಗೆ ಮಿನುಗುತ್ತಿರುತ್ತದೆ. ಆ ರಾಶಿಯ ಎದುರಿನ ಮರಕ್ಕೆ ಮೊಣಕಾಲೆತ್ತರದಲ್ಲಿ ಒಂದು ಕ್ಯಾಮೆರಾ ಟ್ರ್ಯಾಪ್ ಕಟ್ಟಿದರೆ, ಮೈಯ ಬಿಸಿ ಸುಳಿದೊಡನೆ ಚಿತ್ರ ತೆಗೆಯುತ್ತದೆ. ಪಿಯುಸಿ ಓದುವ ಹುಡುಗಿಯೂ ಒಂದು ವಾರದಲ್ಲಿ ಇದನ್ನು ಕಲಿಯಬಲ್ಲಳು.

ಕೇಂದ್ರವೆಂದರೆ ದೊಡ್ಡ ಕಟ್ಟಡ ಬೇಕಿಲ್ಲ. ಕಾಡಂಚಿನಲ್ಲಿ ಎರಡು ಕೋಣೆ, ಒಂದು ಮಳೆಮಾಪಕ, ಮೂರೂ ಕಾಲ ಅಲ್ಲೇ ಇರುವ ಇಬ್ಬರು ಸಂಶೋಧಕರು, ಜೊತೆಗೆ ಸಂಬಳ ಪಡೆಯುವ ಒಬ್ಬ ಕುರಿಗಾಹಿ ಇದ್ದರೆ ಸಾಕು. ಕೊಂಡುಕುರಿ ನೀರು ಬಿಟ್ಟು ಬಹುದೂರ ಇರಲಾರದು. ಹಾಗಾಗಿ ಬೇಸಿಗೆಯಲ್ಲಿ ಯಾವ ಹೊಂಡ ಎಷ್ಟು ದಿನ ನೀರು ಹಿಡಿಯುತ್ತದೆ, ಅಲ್ಲಿಗೆ ಯಾವ ಪ್ರಾಣಿ ಬರುತ್ತದೆ ಎಂದು ಬರೆದಿಡುವುದೇ ಅವರ ಮೊದಲ ಕೆಲಸವಾಗಬೇಕು.