ನೋ ಒತ್ತಿದರೂ ಅಳಿಸಿಹೋದ ಉದ್ರಿ ಲೆಕ್ಕ

ನನ್ನ ಸೋದರಮಾವನದು ದಿನಸಿ ಅಂಗಡಿ. ನಾನು ವಿಶುವಲ್ ಬೇಸಿಕ್ 6 ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದ ಹೊಸತರಲ್ಲಿ ಅವರ ಉದ್ರಿ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆದುಕೊಟ್ಟೆ. ಯಾರದು ಎಷ್ಟು ಬಾಕಿ, ಯಾವತ್ತಿನ ಬಾಕಿ, ಅಷ್ಟೇ. ಒಂದು ಸಾಲನ್ನು ಆರಿಸಿ ಡಿಲೀಟ್ ಒತ್ತಿದರೆ ಪುಟ್ಟ ಪೆಟ್ಟಿಗೆಯೊಂದು ಎದ್ದು ಬಂದು, ಅಳಿಸಲೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಕೆಳಗೆ ಎರಡು ಬಟನ್: ಯೆಸ್, ನೋ. ಅದನ್ನು ನೋಡಿ ನನಗೆ ದೊಡ್ಡ ಕಂಪನಿಯ ಸಾಫ್ಟ್‌ವೇರ್ ಬರೆದಷ್ಟೇ ಹೆಮ್ಮೆ.

ಎರಡನೇ ದಿನಕ್ಕೆ ಮಾವನ ಫೋನ್ ಬಂತು. "ನೋ ಅಂತಾನೇ ಒತ್ತಿದೆ ಕಣೋ. ಆದ್ರೂ ಲೆಕ್ಕ ಮಾಯ!"

ನಾನು ನಂಬಲಿಲ್ಲ. ಕೈತಪ್ಪಿ ಯೆಸ್ ಒತ್ತಿರಬೇಕು ಅಂದುಕೊಂಡೆ. ಆಮೇಲೆ ನಾನೇ ಕೂತು ನೋ ಒತ್ತಿ ನೋಡಿದೆ. ಸಾಲು ಹೋಯಿತು. ಪ್ರೋಗ್ರಾಂ ಕೊಡುವ ಮೊದಲು ಯೆಸ್ ಒತ್ತಿ ಪರೀಕ್ಷೆ ಮಾಡಿದ್ದೆ, ಅದು ಸರಿಯಾಗಿ ಅಳಿಸಿತ್ತು. ನೋ ಒತ್ತಿ ನೋಡಬೇಕು ಅನ್ನುವುದು ತಲೆಗೇ ಹೊಳೆದಿರಲಿಲ್ಲ.

ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ. 'ಮೆಸೇಜ್ ಬಾಕ್ಸ್ ತೋರಿಸು. ಅದರ ಉತ್ತರ ನಿಜವಾಗಿದ್ದರೆ ಅಳಿಸು' ಅನ್ನುವ ಅರ್ಥದಲ್ಲಿ ನಾನು ಇಫ್, ಅಂದರೆ ಷರತ್ತಿನ ಸಾಲು, ಬರೆದಿದ್ದೆ. ಆ ಪುಟ್ಟ ಪೆಟ್ಟಿಗೆಯ ಹೆಸರೇ ಮೆಸೇಜ್ ಬಾಕ್ಸ್. ಯೆಸ್ ಅಂದರೆ ನಿಜ, ನೋ ಅಂದರೆ ಸುಳ್ಳು ಎಂದು ನನ್ನ ಲೆಕ್ಕ. ಆದರೆ ಆ ಪೆಟ್ಟಿಗೆ ನಿಜ ಸುಳ್ಳು ಅಂತ ಏನೂ ಹೇಳುವುದಿಲ್ಲ. ಅದು ಹೇಳುವುದು ಒಂದು ಸಂಖ್ಯೆ. ಯೆಸ್ ಒತ್ತಿದರೆ 6, ನೋ ಒತ್ತಿದರೆ 7. ಇನ್ನು ವಿಶುವಲ್ ಬೇಸಿಕ್‌ಗೆ ಸೊನ್ನೆ ಒಂದೇ ಸುಳ್ಳು, ಉಳಿದ ಸಂಖ್ಯೆಗಳೆಲ್ಲ ನಿಜ. 6 ಕೂಡ ನಿಜ, 7 ಕೂಡ ನಿಜ. ಮಾವ ಯಾವುದನ್ನು ಒತ್ತಿದರೂ ಪ್ರೋಗ್ರಾಂ ಕಿವಿಗೆ 'ಅಳಿಸು' ಅಂತಲೇ ಕೇಳುತ್ತಿತ್ತು. ಉತ್ತರ 6ಕ್ಕೆ ಸಮವೇ ಎಂದು ಬಾಯಿಬಿಟ್ಟು ಕೇಳಿದ್ದರೆ ಮುಗಿದಿತ್ತು.

6, 7 ಯಾಕೆ? ಸುಮ್ನೆ 1, 0 ಕೊಡಬಹುದಿತ್ತಲ್ವಾ? ಪೆಟ್ಟಿಗೆ ಒಂದೇ, ಅದು ಕೊಡಬಹುದಾದ ಉತ್ತರ ಏಳು ಬಗೆಯದು. ಓಕೆ 1, ಕ್ಯಾನ್ಸಲ್ 2, ಅಬಾರ್ಟ್ 3, ರಿಟ್ರೈ 4, ಇಗ್ನೋರ್ 5, ಯೆಸ್ 6, ನೋ 7. ಈ ಸಂಖ್ಯೆಗಳು ವಿಂಡೋಸ್‌ನದೇ. ಇವತ್ತು ಸಿ ಶಾರ್ಪ್ ಅನ್ನುವ ಹೊಸ ಭಾಷೆಯಲ್ಲಿ ಬರೆದರೂ ಒಳಗೆ ಇರುವುದು ಅದೇ 6, ಅದೇ 7. ಆದರೆ ಸಿ ಶಾರ್ಪ್ ಸ್ವಲ್ಪ ಕಟ್ಟುನಿಟ್ಟು. ಉತ್ತರವನ್ನು ನೇರವಾಗಿ ಇಫ್ ಒಳಗೆ ತುರುಕಿದರೆ ಪ್ರೋಗ್ರಾಂ ಓಡಲು ಬಿಡುವುದೇ ಇಲ್ಲ. ನನಗೆ ಅಂಥ ಕಟ್ಟುನಿಟ್ಟಿನ ಮೇಷ್ಟ್ರು ಸಿಕ್ಕಿದ್ದರೆ ಮಾವನ ಲೆಕ್ಕ ಉಳಿಯುತ್ತಿತ್ತು.

ಕೇಳುವ ಕಡೆಯೂ ಸಂಖ್ಯೆಯೇ. ಯೆಸ್, ನೋ ಎರಡು ಬಟನ್ ಬೇಕು ಅನ್ನಲು 4. ಪ್ರಶ್ನೆ ಗುರುತಿನ ಚಿತ್ರ ಬೇಕು ಅನ್ನಲು 32. ಸುಮ್ಮನೆ ಎಂಟರ್ ಒತ್ತಿದರೆ ಯಾವ ಬಟನ್ ಒತ್ತಿದಂತಾಗುತ್ತದೆ ಎಂದು ತೋರಿಸುವ ಗುರುತು ಎರಡನೇ ಬಟನ್ ಮೇಲೆ ನಿಂತಿರಲಿ ಅನ್ನಲು 256. ಮೂರನ್ನೂ ಕೂಡಿ 292 ಎಂದು ಕೊಟ್ಟರೆ ಪೆಟ್ಟಿಗೆ ಮೂರನ್ನೂ ಅರ್ಥ ಮಾಡಿಕೊಳ್ಳುತ್ತದೆ. ಕೂಡಿದ ಮೇಲೆ ಅದು ಬಿಡಿಸಿಕೊಳ್ಳುವುದು ಹೇಗೆ? ಇದು ನನಗೆ ಬಹಳ ದಿನ ಮಾಯಾಜಾಲದ ಹಾಗೆ ಕಂಡಿತ್ತು. ಗುಟ್ಟು ನಮಗೆ ಪ್ರೈಮರಿ ಶಾಲೆಯಲ್ಲೇ ಗೊತ್ತಿರುವುದು: ಬಿಡಿ, ಹತ್ತು, ನೂರು. ಕಂಪ್ಯೂಟರ್ ಮಂದಿ ಹತ್ತರ ಬದಲು ಹದಿನಾರರಲ್ಲಿ ಎಣಿಸುತ್ತಾರೆ. ಹದಿನಾರರ ಲೆಕ್ಕದಲ್ಲಿ 292 ಅನ್ನು ಬರೆದರೆ 124 ಆಗುತ್ತದೆ. ಕೊನೆಯ 4 ಬಟನ್‌ಗಳ ಮನೆ, ನಡುವಿನ 2 ಚಿತ್ರದ ಮನೆ, ಮೊದಲಿನ 1 ಯಾವ ಬಟನ್ ಮೇಲೆ ಗುರುತು ಅನ್ನುವ ಮನೆ. ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡುವುದಿಲ್ಲ. ಹಾಗಾಗಿ ಕೂಡಿದರೂ ಕಲಸಿಹೋಗುವುದಿಲ್ಲ.

ಇಲ್ಲೊಂದು ಸಣ್ಣ ಗುಂಡಿ ಇದೆ. ಕೇಳುವಾಗ 4 ಅಂದರೆ ಯೆಸ್ ನೋ ಬಟನ್‌ಗಳು. ಉತ್ತರದಲ್ಲಿ 4 ಅಂದರೆ ರಿಟ್ರೈ. ಕೇಳಿದ ಸಂಖ್ಯೆಯನ್ನೇ ಉತ್ತರದ ಜೊತೆ ಹೋಲಿಸಿದರೆ ಎಂದೂ ಸಮ ಆಗುವುದಿಲ್ಲ. ಯೆಸ್ ಒತ್ತಿ ಒತ್ತಿ ಬೆರಳು ಸವೆದರೂ ಏನೂ ಅಳಿಸುವುದಿಲ್ಲ. ನಾನು ಅದನ್ನೂ ಮಾಡಿದ್ದೇನೆ.

ಹಳೇ ಭಾಷೆಯ ಕಥೆ ಬಿಡಿ, ಈಗೆಲ್ಲ ಪೈಥಾನ್ ಅಲ್ವಾ ಅನ್ನಬಹುದು. ಪೈಥಾನ್‌ನಲ್ಲಿ ಕಿಟಕಿ, ಬಟನ್‌ಗಳನ್ನು ಮಾಡಿಕೊಡುವ ಟಿಕಿಂಟರ್ ಅನ್ನುವ ಸಲಕರಣೆಯಲ್ಲಿ ಈ ಕೆಲಸಕ್ಕೆ ಅಕ್ಕತಂಗಿಯರಂಥ ಎರಡು ಫಂಕ್ಷನ್‌ಗಳಿವೆ. 'ಆಸ್ಕ್ ಯೆಸ್ ನೋ' ನಿಜ ಅಥವಾ ಸುಳ್ಳು ಕೊಡುತ್ತದೆ, ತೊಂದರೆ ಇಲ್ಲ. 'ಆಸ್ಕ್ ಕ್ವೆಶ್ಚನ್' ಕೊಡುವುದು ಅಕ್ಷರಗಳನ್ನು: 'ಯೆಸ್' ಅನ್ನುವ ಪದ ಅಥವಾ 'ನೋ' ಅನ್ನುವ ಪದ. ಪೈಥಾನ್‌ಗೆ ಖಾಲಿಯಲ್ಲದ ಪದ ಯಾವುದಾದರೂ ನಿಜವೇ. 'ನೋ' ಅನ್ನುವ ಪದ ಕೂಡ! ನನ್ನ ಹಳೇ ತಪ್ಪು ಹೊಸ ಅಂಗಿ ತೊಟ್ಟು ಅಲ್ಲಿ ಕಾದು ಕೂತಿದೆ. ಜಾವಾ ಭಾಷೆಯಲ್ಲಿ ಇದೇ ಕೆಲಸ ಮಾಡುವ ಸ್ವಿಂಗ್‌ನಲ್ಲಂತೂ ಯೆಸ್‌ಗೆ 0, ನೋಗೆ 1. ಪೂರ್ತಿ ತಿರುಗುಮುರುಗು.

ಅದೇ ಜಾವಾದಲ್ಲಿ ಇನ್ನೊಂದು ವಿಷಯ. ಯಾವ ಬಟನ್ನನ್ನೂ ಒತ್ತದೆ ಮೂಲೆಯ ಎಕ್ಸ್ ಒತ್ತಿ ಪೆಟ್ಟಿಗೆಯನ್ನೇ ಮುಚ್ಚಿದರೆ ಉತ್ತರ ಮೈನಸ್ 1. ಇದನ್ನು ಮರೆತು 'ನೋ ಅಂದರೆ ಸುಮ್ಮನಿರು, ಇಲ್ಲದಿದ್ದರೆ ಅಳಿಸು' ಎಂದು ಬರೆದಿರಿ ಅಂದುಕೊಳ್ಳಿ. ಪ್ರಶ್ನೆ ನೋಡಿ ಗಾಬರಿಯಾಗಿ ಪೆಟ್ಟಿಗೆ ಮುಚ್ಚಿದವನ ಲೆಕ್ಕವೂ ಹೋಗುತ್ತದೆ. 'ಯೆಸ್ ಅಂದರೆ ಮಾತ್ರ ಅಳಿಸು' ಎಂದು ಬರೆಯಬೇಕು. ಕೇಳಲು ಎರಡೂ ಒಂದೇ ಅನ್ನಿಸುತ್ತದೆ. ಆದರೆ ಮೊದಲನೆಯದು ಮೌನವನ್ನು ಒಪ್ಪಿಗೆ ಎಂದು ತಿಳಿಯುತ್ತದೆ. ವಿಂಡೋಸ್ ಈ ವಿಷಯದಲ್ಲಿ ಜಾಣ. ಯೆಸ್, ನೋ ಎರಡೇ ಇರುವ ಪೆಟ್ಟಿಗೆಯಲ್ಲಿ ಎಕ್ಸ್ ಕೆಲಸ ಮಾಡದ ಹಾಗೆ ಮಾಡಿಬಿಡುತ್ತದೆ. ಎಸ್ಕೇಪ್ ಒತ್ತಿದರೂ ಅಲ್ಲಾಡುವುದಿಲ್ಲ. ಉತ್ತರ ಹೇಳದೆ ಎದ್ದು ಹೋಗುವಂತಿಲ್ಲ.

ಇಫ್ ಸರಿ ಮಾಡಿಕೊಟ್ಟೆ. ಹದಿನೈದು ದಿನ ಬಿಟ್ಟು ಮತ್ತೆ ಒಂದು ಸಾಲು ಹೋಯಿತು. ಈ ಸಲ ಮಾವ ಯೆಸ್ ಅಂತಲೇ ಒತ್ತಿದ್ದರು. ಒತ್ತಿದ್ದು ಅವರಿಗೇ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿ ನಿಂತಿದ್ದಾನೆ, ಬೆರಳು ಎಂಟರ್ ಮೇಲೆ ಓಡುತ್ತಿದೆ, ಪೆಟ್ಟಿಗೆ ಬಂದ ಕೂಡಲೇ ಮತ್ತೊಂದು ಎಂಟರ್ ಬಿತ್ತು. ನಾವಾಗಿ ಹೇಳದಿದ್ದರೆ ಗುರುತು ನಿಲ್ಲುವುದು ಮೊದಲ ಬಟನ್ ಮೇಲೆ, ಅಂದರೆ ಯೆಸ್ ಮೇಲೆ. ಆಮೇಲೆ ಆ 256 ಸೇರಿಸಿ ಗುರುತನ್ನು ನೋ ಮೇಲೆ ನಿಲ್ಲಿಸಿದೆ. ಲಿನಕ್ಸ್ ಬಳಸುವವರು ಇದರ ಅಣ್ಣನನ್ನು ನೋಡಿರುತ್ತಾರೆ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ವೈ (ಯೆಸ್), ಎನ್ (ನೋ) ಎಂದು ಕೇಳುವಾಗ ಒಂದಕ್ಷರ ಮಾತ್ರ ದೊಡ್ಡದಾಗಿ ಇರುತ್ತದೆ. ಸುಮ್ಮನೆ ಎಂಟರ್ ಒತ್ತಿದರೆ ಸಿಗುವ ಉತ್ತರ ಅದು.

ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದಿಂದಲೂ ಈ ಪ್ರಶ್ನೆ ಇದೆ. ಫೋಲ್ಡರಿನ ಫೈಲುಗಳನ್ನೆಲ್ಲ ಅಳಿಸು ಅಂದರೆ, ಎಲ್ಲ ಹೋಗುತ್ತದೆ, ಖಾತ್ರಿಯೇ ಎಂದು ಡಾಸ್ ಕೇಳುತ್ತಿತ್ತು. ಕೇಳುವುದು ಜಾಸ್ತಿಯಾದಷ್ಟೂ ಓದುವುದು ಕಡಿಮೆಯಾಯಿತು. ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನ 1979ರ ಏಳನೇ ಆವೃತ್ತಿಯಲ್ಲೇ 'ಯೆಸ್' ಅನ್ನುವ ಒಂದು ಕಮಾಂಡ್ ಇತ್ತು. ಅದರ ಕೆಲಸ ಒಂದೇ: ನಿಲ್ಲಿಸು ಅನ್ನುವವರೆಗೆ ವೈ, ವೈ, ವೈ ಎಂದು ಹೇಳುತ್ತಾ ಹೋಗುವುದು. ಬೇರೆ ಪ್ರೋಗ್ರಾಂ ಕೇಳುವ ಪ್ರಶ್ನೆಗಳಿಗೆಲ್ಲ ನಮ್ಮ ಬದಲು ಅದೇ ಹೂಂ ಅನ್ನಲಿ ಎಂದು. ಮನುಷ್ಯರು ಪ್ರಶ್ನೆ ಓದದೆ ಒಪ್ಪುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕೇ! ಆಪಲ್‌ನಲ್ಲಿ ಮ್ಯಾಕಿಂಟಾಶ್ ಯೋಜನೆಯನ್ನು ಶುರುಮಾಡಿದ ಜೆಫ್ ರಾಸ್ಕಿನ್ ಇದನ್ನೇ ಹೇಳುತ್ತಿದ್ದರು. ಅಳಿಸುವುದು, ಹೂಂ ಅನ್ನುವುದು ಎರಡೂ ಸೇರಿ ಬೆರಳಿಗೆ ಒಂದೇ ಅಭ್ಯಾಸವಾಗುತ್ತದೆ. ಆಮೇಲೆ ಪ್ರಶ್ನೆ ಇದ್ದೂ ಇಲ್ಲದ ಹಾಗೆ.

ಅಭ್ಯಾಸದ ಮಾತು ಅತ್ತ ಇರಲಿ, ಪ್ರಶ್ನೆಯೇ ಏನೂ ಹೇಳದಿದ್ದರೆ? 2018ರ ಜನವರಿ 13ರ ಬೆಳಿಗ್ಗೆ ಹವಾಯಿಯ ಜನರ ಮೊಬೈಲುಗಳಿಗೆ ಕ್ಷಿಪಣಿ ಬರುತ್ತಿದೆ, ಅಡಗಿಕೊಳ್ಳಿ ಅನ್ನುವ ಸಂದೇಶ ಹೋಯಿತು. ಕ್ಷಿಪಣಿ ಇರಲಿಲ್ಲ. ಅದು ತಪ್ಪು ಸಂದೇಶ ಎಂದು ಮೊಬೈಲುಗಳಿಗೆ ತಿಳಿಸಲು 38 ನಿಮಿಷ ಹಿಡಿಯಿತು. ಕಳಿಸಿದ ನೌಕರ ಇದು ಅಣಕು ಕಾರ್ಯಾಚರಣೆ ಅಲ್ಲ, ನಿಜವಾದ ದಾಳಿ ಎಂದೇ ತಿಳಿದಿದ್ದುದಾಗಿ ಆಮೇಲೆ ಹೇಳಿದ. ಕಂಪ್ಯೂಟರ್ ಕೇಳದೇ ಬಿಟ್ಟಿರಲಿಲ್ಲ. ಈ ಎಚ್ಚರಿಕೆ ಕಳಿಸುವುದು ಖಾತ್ರಿಯೇ ಎಂದು ಕೇಳಿತ್ತು, ಅವನು ಯೆಸ್ ಒತ್ತಿದ್ದ. ಅಮೆರಿಕದ ಸಂಪರ್ಕ ಆಯೋಗದ ತನಿಖೆಯಲ್ಲಿ ಗೊತ್ತಾದದ್ದು ಏನೆಂದರೆ, ಅಭ್ಯಾಸದ ಸಂದೇಶಕ್ಕೂ ನಿಜವಾದ ಸಂದೇಶಕ್ಕೂ ಪೆಟ್ಟಿಗೆ ಕೇಳುತ್ತಿದ್ದುದು ಅದೇ ಮಾತು. ಲಕ್ಷಗಟ್ಟಲೆ ಜನರಿಗೆ ನಿಜವಾಗಿಯೇ ಹೋಗುತ್ತದೆ ಅನ್ನುವುದು ಅಲ್ಲಿ ಬರೆದಿರಲಿಲ್ಲ.

ನನ್ನ ಪೆಟ್ಟಿಗೆಯೂ ಅಷ್ಟೇ ಮೊದ್ದು. ಯಾರ ಲೆಕ್ಕ, ಎಷ್ಟು ರೂಪಾಯಿ ಅನ್ನುವುದನ್ನೇ ಹೇಳುತ್ತಿರಲಿಲ್ಲ. ಅದನ್ನು ಸೇರಿಸಿ, ಜೊತೆಗೆ ಎಲ್ಲವನ್ನೂ ಕನ್ನಡಕ್ಕೆ ತರೋಣ ಅಂದುಕೊಂಡಾಗ ನಿಜವಾದ ಮಜಾ ಶುರುವಾಯಿತು. ಯೆಸ್ ಅಂದರೆ ಹೌದು, ನೋ ಅಂದರೆ ಇಲ್ಲ. ಸುಲಭ ಅಲ್ವಾ? ಆದರೆ ನಾವು ಹಾಗೆ ಮಾತಾಡುವುದೇ ಇಲ್ಲ. 'ಕಾಫಿ ಬೇಕಾ?' ಅಂದರೆ 'ಬೇಕು' ಅಥವಾ 'ಬೇಡ'. 'ನಾಳೆ ಬರ್ತೀಯಾ?' ಅಂದರೆ 'ಬರ್ತೀನಿ' ಅಥವಾ 'ಇಲ್ಲ'. 'ಇದು ನಿಮ್ಮ ಚಪ್ಪಲೀನಾ?' ಅಂದರೆ 'ಹೌದು' ಅಥವಾ 'ಅಲ್ಲ'. ಇಂಗ್ಲಿಷಿನ ಒಂದು ನೋಗೆ ನಮ್ಮಲ್ಲಿ ಬೇಡ, ಇಲ್ಲ, ಅಲ್ಲ ಎಂಬ ಮೂವರು. ಕಾಫಿ ಬೇಕಾ ಅಂದವರಿಗೆ 'ಹೌದು' ಅಂದು ನೋಡಿ, ಪೊಲೀಸ್ ವಿಚಾರಣೆಯಲ್ಲಿ ಕೂತವರ ಹಾಗೆ ಕೇಳಿಸುತ್ತದೆ. ಇನ್ನು 'ಬದಲಾವಣೆ ಉಳಿಸುವುದು ಬೇಡವೇ?' ಎಂದು ಕೇಳಿ ಕೆಳಗೆ 'ಹೌದು', 'ಇಲ್ಲ' ಇಟ್ಟರೆ ಮುಗಿಯಿತು. ನಮ್ಮ 'ಹೌದು' ಅಲ್ಲಿ 'ಹೌದು, ಬೇಡ' ಆಗುತ್ತದೆ. ಅದೇ ಅರ್ಥಕ್ಕೆ ಇಂಗ್ಲಿಷಿನವರು ಒತ್ತುವುದು ನೋ.

ಕೇಳಿದ ಕ್ರಿಯಾಪದವನ್ನೇ ತಿರುಗಿಸಿ ಉತ್ತರ ಹೇಳುವುದು ನಮ್ಮ ಅಡುಗೆಮನೆಯ ರೂಢಿ. ಬಟನ್ ಮೇಲೆ ಏನು ಬರೆಯಬೇಕು ಅನ್ನುವುದಕ್ಕೂ ಆಪಲ್ ಕೊಡುವ ಸಲಹೆ ಇದೇ: ಯೆಸ್, ನೋ ಬೇಡ, 'ಉಳಿಸು', 'ಉಳಿಸಬೇಡ' ಎಂದು ಕೆಲಸವನ್ನೇ ಬರೆಯಿರಿ. ಪ್ರಶ್ನೆ ಓದದೆ ಬಟನ್ ಮಾತ್ರ ಓದುವವರಿಗೂ ಆಗ ಅರ್ಥವಾಗುತ್ತದೆ. ಆಪಲ್‌ನವರು ಇದನ್ನು ಪೆಟ್ಟು ತಿಂದೇ ಕಲಿತವರು. ತಮ್ಮ ಲೀಸಾ ಅನ್ನುವ ಹಳೇ ಕಂಪ್ಯೂಟರ್ ಮಾಡುವಾಗ ಒಂದು ಬಟನ್ ಮೇಲೆ 'ಡೂ ಇಟ್' ಎಂದು ಬರೆದಿದ್ದರಂತೆ. ಎರಡು ಪದಗಳ ನಡುವೆ ಜಾಗ ಸಾಲದೆ, ಇಂಗ್ಲಿಷಿನ ಐ ಅಕ್ಷರ ಎಲ್ ಥರ ಕಂಡು, ಪರೀಕ್ಷೆಗೆ ಬಂದ ಒಬ್ಬರು ಅದನ್ನು 'ಡೋಲ್ಟ್' ಎಂದು ಓದಿ ಸಿಟ್ಟಾದರು. ಡೋಲ್ಟ್ ಅಂದರೆ ಪೆದ್ದ. ಆ ಬಟನ್ ಆಮೇಲೆ 'ಓಕೆ' ಆಯಿತು.

ನನ್ನ ತೊಡಕು ಬೇರೆ. ವಿಶುವಲ್ ಬೇಸಿಕ್‌ನ ಮೆಸೇಜ್ ಬಾಕ್ಸ್‌ನಲ್ಲಿ ಬಟನ್ ಮೇಲಿನ ಮಾತನ್ನು ಬದಲಿಸಲು ಬರುವುದಿಲ್ಲ. ಕನ್ನಡವೂ ಬರುವುದಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯುನಿಕೋಡ್ ಅಲ್ಲಿ ನಡೆಯದು. ಆಗ ನಾವೆಲ್ಲ ನುಡಿ, ಬರಹ ಫಾಂಟ್‌ಗಳಲ್ಲಿ ಬರೆಯುತ್ತಿದ್ದೆವು. ಒಳಗೆ ಇರುವುದು ಇಂಗ್ಲಿಷಿನ ಅಕ್ಷರಸಂಕೇತ, ಮೇಲೆ ಕನ್ನಡದ ವೇಷ. ಮೆಸೇಜ್ ಬಾಕ್ಸ್ ಬಳಸುವುದು ವಿಂಡೋಸ್‌ನ ಸ್ವಂತ ಫಾಂಟ್. ವೇಷ ಕಳಚಿ, ಕೊಂಬು ಕಡ್ಡಿ ಹಚ್ಚಿದ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತವು. ಕೊನೆಗೆ ನನ್ನದೇ ಒಂದು ಪುಟ್ಟ ಫಾರ್ಮ್ ಮಾಡಿ, ಅದರ ಲೇಬಲ್‌ಗೂ ಬಟನ್‌ಗಳಿಗೂ ನುಡಿ ಫಾಂಟ್ ಹಾಕಿ, 'ಅಳಿಸು', 'ಬೇಡ' ಎಂದು ಬರೆದೆ. ಒತ್ತಿದ ಬಟನ್ ಯಾವುದು ಎಂದು ನೆನಪಿಡುವುದೂ ಈಗ ನನ್ನದೇ ಕೆಲಸ. ಮೊದಲೇ 'ಬೇಡ' ಎಂದು ಇಟ್ಟುಕೊಂಡು, 'ಅಳಿಸು' ಒತ್ತಿದಾಗ ಮಾತ್ರ ಬದಲಿಸಿದೆ.

ಇಷ್ಟೆಲ್ಲ ಮಾಡುವಾಗ ಮಾವನ ಹಳೇ ಉದ್ರಿ ಪುಸ್ತಕ ಮೇಜಿನ ಮೇಲೇ ಇತ್ತು. ತೀರಿದ ಲೆಕ್ಕದ ಮೇಲೆ ಒಂದು ಅಡ್ಡಗೆರೆ. ಹೆಸರು, ಮೊತ್ತ, ತಾರೀಕು ಎಲ್ಲ ಗೆರೆಯ ಕೆಳಗೆ ಹಾಗೇ ಕಾಣುತ್ತಿತ್ತು. ಅವರು ಹಾಳೆ ಹರಿದದ್ದೇ ಇಲ್ಲ. ವಿಂಡೋಸ್ 95 ರಿಸೈಕಲ್ ಬಿನ್ ಇಟ್ಟದ್ದೂ ಇದೇ ಬುದ್ಧಿಯಿಂದ. 2012ರ ವಿಂಡೋಸ್ 8 ಹೊತ್ತಿಗೆ, ಬಿನ್‌ಗೆ ಹೋಗುವ ಫೈಲಿಗೆ 'ಖಾತ್ರಿಯೇ' ಎಂದು ಕೇಳುವುದನ್ನೇ ಬಿಟ್ಟರು. ವಾಪಸ್ ತರಬಹುದಾದ್ದಕ್ಕೆ ಪಂಚಾಯ್ತಿ ಯಾಕೆ?

ನಾನೂ ಅಳಿಸಿದ್ದೋ ಇಲ್ಲವೋ ಎಂದು ಗುರುತಿಡಲು ಲೆಕ್ಕದ ಟೇಬಲ್‌ಗೆ ಒಂದು ಕಾಲಂ ಸೇರಿಸಿದೆ. ಡಿಲೀಟ್ ಒತ್ತಿದರೆ ಸಾಲು ಬೂದಿ ಬಣ್ಣಕ್ಕೆ ತಿರುಗುತ್ತದೆ, ಪ್ರಶ್ನೆ ಇಲ್ಲ. ಪಕ್ಕದಲ್ಲೇ 'ವಾಪಸ್ ತಾ' ಬಟನ್. ಪೆಟ್ಟಿಗೆ ಏಳುವುದು ವರ್ಷಕ್ಕೊಮ್ಮೆ, ಬೂದಿ ಸಾಲುಗಳನ್ನು ಪೂರ್ತಿ ತೆಗೆಯುವಾಗ ಮಾತ್ರ. ಎಷ್ಟು ಸಾಲು, ಒಟ್ಟು ಎಷ್ಟು ರೂಪಾಯಿ ಎಂದು ಅದರಲ್ಲೇ ಬರೆದಿರುತ್ತದೆ. ಮಾವ ಕನ್ನಡಕ ಹಾಕಿಕೊಂಡು ಮೊತ್ತ ಓದುತ್ತಾರೆ. ಇದುವರೆಗೆ 'ಬೇಡ' ಒತ್ತಿದ್ದೇ ಜಾಸ್ತಿ.